ಹಳೆಯ ವಿಡಿಯೋ ಗೇಮ್ ಸಂಗೀತದ ಪಾಠವಿಚಾರ

೨೦೨೩ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಗ್ರಂಥಭಂಡಾರದವರು ತಮ್ಮ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ೨೫ ಹೊಸ ಮುದ್ರಣಗಳನ್ನು ಸೇರಿಸಿದರು. ೨೦೦೦ನೆಯ ಇಸವಿಯ ಶಾಸನದಿಂದ ಏರ್ಪಟ್ಟ ಈ ಪಟ್ಟಿಯಲ್ಲಿ, ಹುಟ್ಟಿ ಹತ್ತು ವರ್ಷಗಳಾದರೂ ಕಳೆದಿರುವ, ಮುಂದಿನವರಿಗಾಗಿ ಕಾದಿಡಲು ತಕ್ಕವೆಂದು ತೋರಿದ ಮುದ್ರಣಗಳಿಗೆ ಮಾತ್ರ ಸ್ಥಾನವುಂಟು. ಆ ವರ್ಷ ಸೇರಿದವುಗಳಲ್ಲಿ, ಜಪಾನಿನ ಕೋಜಿ ಕೊಂಡೋ ಎಂಬವರು ‘ಸೂಪರ್ ಮಾರಿಯೋ ಬ್ರದರ್ಸ್’ (೧೯೮೫) ಎಂಬ ವಿಡಿಯೋ ಗೇಮಿಗಾಗಿ ರಚಿಸಿದ ಮಟ್ಟೂ ಒಂದಾಗಿದ್ದಿತು. ವಿಡಿಯೋ ಗೇಮಿನ ಸಂಗೀತವು ಆ ಪಟ್ಟಿಯನ್ನು ಸೇರಿದುದು ಅದೇ ಮೊದಲು. ಗೌರವದ ಸಂಗತಿಯೇ ಸರಿ. ಆದರೆ ಇದರಲ್ಲಿ ಪಾಠಶೋಧನೆಗೆ ಸಂಬಂಧಿಸಿದ ಒಂದು ತೊಡಕು ಅಡಗಿದೆ. ಕೊಂಡೋ ಅವರ ರಚನೆಯು ೧೯೮೫ರಲ್ಲಿ ಜನರ ಕೈಸೇರಿದಾಗ ಅದು ಧ್ವನಿಮುದ್ರಣವೇ ಆಗಿರಲಿಲ್ಲ. ಯಾವ ವಾದ್ಯಗಾರನೂ ಅದನ್ನು ನುಡಿಸಿ ಯಾವ ಪಟ್ಟಿಯ ಮೇಲೂ ಹಿಡಿದಿಟ್ಟಿರಲಿಲ್ಲ. ಇಂತಹ ಸ್ವರವನ್ನು ಇಷ್ಟು ಕಾಲ ನುಡಿಸಬೇಕೆಂದು ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಸಾಲಾಗಿ ಮಾತ್ರ ಅದು ಇದ್ದಿತು. ಪ್ರತಿಯೊಂದು ಮನೆಯಲ್ಲಿಯೂ ಪ್ರತಿಸಾರಿಯೂ ಯಂತ್ರವು ಅದನ್ನು ಹೊಸದಾಗಿ ನುಡಿಸಬೇಕಾಗಿದ್ದಿತು.

ಇಂದು ಈ ಬಗೆಯ ಸಂಗೀತವನ್ನು ಕೇಳುವವರಲ್ಲಿ ಬಹುಮಂದಿ ಆಟವನ್ನಾಡದೆಯೇ ಕೇಳುತ್ತಾರೆ. ಬಸ್ಸಿನಲ್ಲಿಯೋ ನಡಿಗೆಯಲ್ಲಿಯೋ, ಜೇಬಿನಲ್ಲಿರುವ ಪ್ಲೇಯರಿನಿಂದ, ಹೆಡ್‌ಫೋನಿನ ಮೂಲಕ ಅದು ಅವರ ಕಿವಿಗೆ ಬೀಳುವುದು. ಹಾಗೆ ಬೀಳುವ ಪಾಠವು ಒಂದೇ ಬಗೆಯದಾಗಿರುವುದಿಲ್ಲ. ಒಂದರಲ್ಲಿ ಮಟ್ಟು ಎರಡು ಆವರ್ತನೆಗಳಾದ ಮೇಲೆ ಸದ್ದಡಗುತ್ತದೆ, ಇನ್ನೊಂದರಲ್ಲಿ ನಿಲ್ಲುವುದೇ ಇಲ್ಲ. ಒಂದರಲ್ಲಿ ಮಂದ್ರದ ಸ್ವರಗಳು ಕೇಳಿಸುತ್ತವೆ, ಇನ್ನೊಂದರಲ್ಲಿ ಮಾಯವಾಗಿರುತ್ತವೆ. ಇವುಗಳಲ್ಲಿ ಮೂಲವಾವುದು, ಪ್ರತಿಯಾವುದು, ಪ್ರಕ್ಷಿಪ್ತವಾವುದು ಎಂಬ ಪ್ರಶ್ನೆಯು ಓಲೆಗರಿಗಳಿಂದ ಕಾವ್ಯವನ್ನು ಎತ್ತಿ ಅಚ್ಚುಹಾಕಿಸುವವರಿಗೆ ಹೊಸದಲ್ಲ. ವ್ಯತ್ಯಾಸವಿಷ್ಟೇ: ಓಲೆಯು ನೂರಾರು ವರ್ಷ ಬಾಳುತ್ತದೆ, ಈ ಆಟದ ಯಂತ್ರಗಳಾದರೋ ನಲವತ್ತು ವರ್ಷ ತುಂಬುವುದರೊಳಗೇ ಕೆಡಲಾರಂಭಿಸಿವೆ. ಅವುಗಳೆಲ್ಲವೂ ಮೂಕವಾದ ದಿನ ಉಳಿಯುವುದು ಜೇಬಿನ ಪ್ಲೇಯರುಗಳಿಗಾಗಿ ಮಾಡಿಕೊಂಡ ಪ್ರತಿಗಳೇ. ಆದಕಾರಣ ಆ ಪ್ರತಿಗಳು ಹುಟ್ಟಿದ ಬಗೆಯನ್ನು ಪರಿಶೀಲಿಸುವುದು ಅವಶ್ಯಕವಾಗಿದೆ.

ಮೊದಲು ಮೂಲದ ಸ್ವರೂಪವನ್ನು ತಿಳಿಯಬೇಕು. ೧೯೭೮ರಲ್ಲಿ ಟೈಟೋ ಸಂಸ್ಥೆಯ ತೊಮೊಹಿರೊ ನಿಷಿಕಾಡೋ ಅವರು ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟದಲ್ಲಿ ಇಳಿಮುಖವಾದ ನಾಲ್ಕೇ ಸ್ವರಗಳುಂಟು. ಅವು ಮತ್ತೆ ಮತ್ತೆ ಬರುತ್ತವೆ. ಪರದೆಯ ಮೇಲಿನ ಶತ್ರುಗಳು ಕಡಮೆಯಾದಂತೆಲ್ಲಾ ಅವುಗಳ ಕಾಲವು ತೀವ್ರವಾಗುತ್ತಾ ಹೋಗುತ್ತದೆ. ಇದನ್ನು ಸಂಗೀತವೆನ್ನಲಾಗದೆಂದು ಕೆಲವರು ಆಕ್ಷೇಪಿಸಬಹುದು. ಆದರೂ ಮುಂದಿನ ಎಲ್ಲ ಬೆಳವಣಿಗೆಯ ಬೀಜವು ಈ ನಾಲ್ಕು ಸ್ವರಗಳಲ್ಲಿದೆ: ಇದಕ್ಕೆ ಕೊನೆಯೆಂಬುದಿಲ್ಲ, ಇದರ ಲಯವು ಆಡುವವನ ಕೈಯಲ್ಲಿದೆ. ಎಷ್ಟು ಹೊತ್ತು ನಡೆಯಬೇಕೆಂಬುದನ್ನು ರಚನಕಾರನು ಗೊತ್ತುಮಾಡಿಲ್ಲ. ಆಡುವವನು ಸೋತಾಗಲೋ ಗೆದ್ದಾಗಲೋ ಅದು ತಾನಾಗಿ ಕಡಿದುಹೋಗುವುದು.

೧೯೮೩ರ ಜುಲೈ ೧೫ರಂದು ನಿಂಟೆಂಡೊ ಸಂಸ್ಥೆಯು ಜಪಾನಿನಲ್ಲಿ ೧೪,೮೦೦ ಯೆನ್ನುಗಳ ಬೆಲೆಗೆ ‘ಫ್ಯಾಮಿಕಾಮ್’ ಎಂಬ ಯಂತ್ರವನ್ನು ಹೊರತಂದಿತು. ಅದರ ಚಿಪ್‌ನಲ್ಲಿ ಐದು ಧ್ವನಿಗಳು ಮಾತ್ರ ಇದ್ದವು. ಎರಡು ಚೌಕಾಕಾರದ ಅಲೆಯವು. ಇವು ಸಾಮಾನ್ಯವಾಗಿ ರಾಗವನ್ನೂ ಅದರ ಜೊತೆಯ ಸ್ವರವನ್ನೂ ನುಡಿಯುತ್ತಿದ್ದವು. ಒಂದು ತ್ರಿಕೋನಾಕಾರದ ಅಲೆ, ಇದು ಮಂದ್ರಕ್ಕೆ. ಒಂದು ಬರಿಯ ಶಬ್ದ. ಇದರಿಂದ ತಾಳವಾದ್ಯದ ಕೆಲಸ. ಐದನೆಯದು ಹಿಡಿದಿಟ್ಟ ಸದ್ದಿನ ಚಿಕ್ಕ ತುಣುಕುಗಳನ್ನು ಹೊರಡಿಸುವುದು. ಈ ಅಲ್ಪಪರಿವಾರವನ್ನು ಆಟದ ಸದ್ದುಗಳೊಡನೆ ಹಂಚಿಕೊಳ್ಳಬೇಕಾದ ಕಷ್ಟವೂ ಉಂಟು. ಮಾರಿಯೋ ನೆಗೆದಾಗಲೂ ನಾಣ್ಯವನ್ನು ಹಿಡಿದಾಗಲೂ ಹೊರಡುವ ಸದ್ದು ಸಂಗೀತದ ಒಂದು ಧ್ವನಿಯನ್ನು ಕ್ಷಣಕಾಲ ಕಸಿದುಕೊಳ್ಳುತ್ತದೆ. ಆ ಕ್ಷಣದಲ್ಲಿ ಬರಬೇಕಾದ ಸ್ವರವು ಬಿಟ್ಟುಹೋಗುತ್ತದೆ. ಗೊತ್ತಾದ ಸಮಯವು ಮುಗಿಯುತ್ತ ಬಂದಾಗ ಅದೇ ಮಟ್ಟು ಓಡಲಾರಂಭಿಸುತ್ತದೆ. ಆಟ, ಚಿತ್ರ, ಸದ್ದು, ಸಂಗೀತಗಳೆಲ್ಲವೂ ಸೇರಿ ಆ ಆಟದ ಕಾರ್ಟ್ರಿಜ್‌ನಲ್ಲಿ ಹಿಡಿಸಿದುದು ಕೇವಲ ೪೦ ಕಿಲೋಬೈಟು.

ಇದರಿಂದ ಒಂದು ವಿಚಿತ್ರವಾದ ಸಂಗತಿಯು ಸಿದ್ಧವಾಗುತ್ತದೆ. ಈ ಮಟ್ಟನ್ನು ರಚನಕಾರನು ಬರೆದಂತೆ, ಒಂದು ಸ್ವರವೂ ಲೋಪವಾಗದಂತೆ, ಆಟದಲ್ಲಿ ಕೇಳಬೇಕಾದರೆ ಆಡುವವನು ನೆಗೆಯದೆ, ನಾಣ್ಯವನ್ನು ಮುಟ್ಟದೆ, ಸುಮ್ಮನೆ ನಿಂತಿರಬೇಕು. ಆಡಿದರೆ ಸಂಗೀತವು ಖಂಡಿತವಾಗುವುದು. ಸಂಗೀತವು ಅಖಂಡವಾಗಬೇಕಾದರೆ ಆಟವು ನಿಲ್ಲಬೇಕು. ಸಂಗೀತವನ್ನು ಆಟದಿಂದ ಬಿಡಿಸಿ ಬೇರೆಯಾಗಿ ಕೇಳುವ ಆಸೆ ಹುಟ್ಟಿದುದಕ್ಕೆ ಹಳೆಯ ನೆನಪಿನ ಮೇಲಣ ಪ್ರೀತಿಯೊಂದೇ ಕಾರಣವೆಂದು ಹೇಳುವವರು ಈ ಅಂಶವನ್ನು ಗಮನಿಸಿದಂತೆ ಕಾಣುವುದಿಲ್ಲ. ಪೂರ್ಣಪಾಠವನ್ನು ಕೇಳುವುದಕ್ಕೆ ಬೇರೆ ದಾರಿಯೇ ಇರಲಿಲ್ಲ.

ಬಿಡಿಸಿಕೊಳ್ಳುವ ಸಾಧನವು ಫ್ಯಾಮಿಕಾಮ್‌ಗಿಂತ ನಾಲ್ಕು ವರ್ಷ ಮೊದಲೇ ಸಿದ್ಧವಾಗಿದ್ದಿತು. ೧೯೭೯ರ ಜುಲೈ ೧ರಂದು ಸೋನಿ ಸಂಸ್ಥೆಯು ‘ವಾಕ್‌ಮನ್’ ಎಂಬ ಕ್ಯಾಸೆಟ್ ಪ್ಲೇಯರನ್ನು ೩೩,೦೦೦ ಯೆನ್ನಿಗೆ ಮಾರಾಟಕ್ಕಿಟ್ಟಿತು. ಅದರಲ್ಲಿ ಧ್ವನಿಮುದ್ರಣ ಮಾಡುವ ಸೌಕರ್ಯವಿರಲಿಲ್ಲ. ಕೇಳುವುದು ಮಾತ್ರ ಸಾಧ್ಯ. ಹೆಡ್‌ಫೋನಿಗೆ ಎರಡು ರಂಧ್ರಗಳಿದ್ದವು. ಇಬ್ಬರು ಜೊತೆಯಲ್ಲಿ ಕೇಳುವರೆಂದು ಮಾಡಿದವರು ಎಣಿಸಿದ್ದರೆಂದು ಇದರಿಂದ ಊಹಿಸಬಹುದು. ಜನರು ಒಬ್ಬೊಬ್ಬರಾಗಿಯೇ ಕೇಳತೊಡಗಿದರು. ನಗರದಲ್ಲಿ ನಡೆಯುತ್ತ ತನಗೆ ಬೇಕಾದ ಸಂಗೀತವನ್ನು ತಾನೊಬ್ಬನೇ ಕೇಳುವವನ ಸ್ವಾತಂತ್ರ್ಯವನ್ನು ಕುರಿತು ಷುಹೈ ಹೊಸೊಕಾವಾ ಎಂಬ ಜಪಾನೀ ವಿದ್ವಾಂಸರು ೧೯೮೪ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಇಂದಿಗೂ ಪ್ರಮಾಣವಾಗಿದೆ. (ಮುಂದೆ ಹೇಳಲಿರುವ ಹೊಸೊನೊ ಎಂಬ ಸಂಗೀತಗಾರರು ಬೇರೆ, ಹೆಸರುಗಳ ಹೋಲಿಕೆಯಿಂದ ಮೋಸಹೋಗಬಾರದು.)

ಆಟದ ಸದ್ದು ಮೊದಲು ಧ್ವನಿಮುದ್ರಣಕ್ಕೆ ಬಂದುದು ಅನುಕರಣದ ರೂಪದಲ್ಲಿ. ‘ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ’ ಎಂಬ ತಂಡದವರು ೧೯೭೮ರ ನವೆಂಬರಿನಲ್ಲಿ ಹೊರತಂದ ಮೊದಲ ಸಂಪುಟದಲ್ಲಿ ಆಟದ ಯಂತ್ರಗಳ ಸದ್ದನ್ನು ಹೋಲುವ ತುಣುಕುಗಳನ್ನು ಸೇರಿಸಿದ್ದರು. ಆ ತಂಡದವರಲ್ಲೊಬ್ಬರಾದ ಹರುವೊಮಿ ಹೊಸೊನೊ ಅವರೇ ೧೯೮೪ರ ಏಪ್ರಿಲ್ ೨೫ರಂದು ಆಲ್ಫಾ ಸಂಸ್ಥೆಯ ಮೂಲಕ ‘ವಿಡಿಯೋ ಗೇಮ್ ಮ್ಯೂಸಿಕ್’ ಎಂಬ ಸಂಪುಟವನ್ನು ಪ್ರಕಟಿಸಿದರು. ನಾಮ್ಕೊ ಸಂಸ್ಥೆಯ ‘ಜೀವಿಯಸ್’, ‘ಪ್ಯಾಕ್‌ಮನ್’, ‘ಮ್ಯಾಪಿ’, ‘ಡಿಗ್ ಡಗ್’, ‘ಗ್ಯಾಲಗ’ ಮೊದಲಾದ ಆಟಗಳ ಸಂಗೀತವು ಇದರಲ್ಲಿದೆ. ಗೇಮ್ ಸಂಗೀತಕ್ಕೇ ಮೀಸಲಾದ ಸಂಪುಟಗಳಲ್ಲಿ ಇದೇ ಮೊದಲನೆಯದೆಂದು ಎಣಿಸುವುದು ರೂಢಿ.

ಈ ಸಂಪುಟವನ್ನು ಸಂಪಾದಕನ ಕಣ್ಣಿನಿಂದ ನೋಡಿದರೆ ಎರಡು ಅಂಶಗಳು ಎದ್ದು ತೋರುತ್ತವೆ. ಹೊಸೊನೊ ಅವರು ಸಂಗೀತವನ್ನು ಮಾತ್ರ ಎತ್ತಿಕೊಳ್ಳದೆ ಆಟದ ಸದ್ದುಗಳನ್ನೂ ಜೊತೆಗಿರಿಸಿದರು. ಜೀವಿಯಸ್‌ನಂತಹ ಆಟದಲ್ಲಿ ಅವುಗಳನ್ನು ತೆಗೆದುಬಿಟ್ಟರೆ ಉಳಿಯುವುದು ಅತ್ಯಲ್ಪವಾದ ಒಂದು ಮಟ್ಟಿನ ಆವರ್ತನೆಯಷ್ಟೆ. ಎರಡನೆಯದಾಗಿ, ಕೊನೆಯಿಲ್ಲದ ಮಟ್ಟುಗಳಿಗೆ ಅವರು ಕೊನೆಯನ್ನು ಕಲ್ಪಿಸಬೇಕಾಯಿತು. ಗ್ರಾಮಫೋನ್ ತಟ್ಟೆಗೂ ಕ್ಯಾಸೆಟ್ಟಿಗೂ ಅಳತೆಯುಂಟು. ಒಂದು ಮಟ್ಟು ಎಷ್ಟು ಸಾರಿ ತಿರುಗಬೇಕು, ಎಲ್ಲಿ ಅಡಗಬೇಕು ಎಂಬುದನ್ನು ಯಾರಾದರೂ ಗೊತ್ತುಮಾಡಲೇಬೇಕು. ಅನಂತರದ ವರ್ಷಗಳಲ್ಲಿ ಮಟ್ಟನ್ನು ಎರಡು ಸಾರಿ ನುಡಿಸಿ, ಮೂರನೆಯ ಸಾರಿಯ ಆರಂಭದಲ್ಲಿ ಮೆಲ್ಲಮೆಲ್ಲನೆ ಸದ್ದನ್ನು ಇಳಿಸಿಬಿಡುವ ಪದ್ಧತಿಯು ನೆಲೆಗೊಂಡಿತು. ಒಂದೇ ಸಾರಿ ನುಡಿಸಿದರೆ ಇದು ಮರಳಿ ಬರುವ ಮಟ್ಟೆಂದು ಕೇಳುವವನಿಗೆ ತಿಳಿಯದು. ಮೂರಾದರೆ ತಟ್ಟೆಯಲ್ಲಿ ಜಾಗ ಸಾಲದು. ಹೀಗೆ ಹುಟ್ಟಿದ ಅನುಕೂಲದ ಕಟ್ಟಳೆಯು ಇಂದಿನ ಕೇಳುಗರಿಗೆ ರಚನೆಯ ಅಂಗವೇ ಆಗಿಹೋಗಿದೆ. ರಚನಕಾರನು ಬರೆಯದ ಒಂದು ಮಂಗಳವು ಎಲ್ಲ ಪ್ರತಿಗಳಲ್ಲಿಯೂ ಸೇರಿಕೊಂಡಂತಾಯಿತು.

ಕೋಯಿಚಿ ಸುಗಿಯಾಮಾ ಅವರ ‘ಡ್ರ್ಯಾಗನ್ ಕ್ವೆಸ್ಟ್’ (೧೯೮೬) ಸಂಗೀತದ ಮಾರ್ಗವು ಬೇರೆ. ಅದೇ ವರ್ಷ ಅದನ್ನು ತಂತಿವಾದ್ಯಗಳ ಮೇಳಕ್ಕೆ ಅಳವಡಿಸಿ ಮುದ್ರಿಸಿದರು. ಇಂತಹವುಗಳನ್ನು ವ್ಯಾಖ್ಯಾನಗಳೆಂದು ಎಣಿಸಬೇಕೇ ಹೊರತು ಪ್ರತಿಗಳೆಂದಲ್ಲ; ಆದಕಾರಣ ಅವುಗಳ ವಿಚಾರವು ಇಲ್ಲಿ ಅಪ್ರಸ್ತುತ.

ಕೈಯಲ್ಲಿ ಹಿಡಿದಾಡುವ ‘ಗೇಮ್ ಬಾಯ್’ ಯಂತ್ರವು ೧೯೮೯ರ ಏಪ್ರಿಲ್ ೨೧ರಂದು ಬಂದಿತು. ಅದರ ಧ್ವನಿಭಾಗವನ್ನು ಯೋಜಿಸಿದವರು ‘ಮೆಟ್ರಾಯ್ಡ್’ (೧೯೮೬) ಆಟದ ಸಂಗೀತವನ್ನು ರಚಿಸಿದ ಹಿರೊಕಾಜು ತನಕಾ ಅವರು. ಈ ಯಂತ್ರದ ಮೈಮೇಲಿದ್ದ ಧ್ವನಿಪೆಟ್ಟಿಗೆಯು ಒಂದೇ. ಆದರೆ ಹೆಡ್‌ಫೋನನ್ನು ಸಿಕ್ಕಿಸಿದರೆ ನಾಲ್ಕು ಧ್ವನಿಗಳನ್ನು ಎಡಬಲಗಳಿಗೆ ಹಂಚಿಕೊಟ್ಟು ಸ್ಟೀರಿಯೋ ಆಗಿ ಕೇಳಿಸುತ್ತಿತ್ತು. ಎಂದರೆ ರಚನಕಾರನು ಎಡಕ್ಕೊಂದು ಬಲಕ್ಕೊಂದು ಎಂದು ಬರೆದ ಭೇದವು ಹೆಡ್‌ಫೋನಿಲ್ಲದವನ ಪಾಲಿಗೆ ಇಲ್ಲವೇ ಇಲ್ಲ. ‘ಟೆಟ್ರಿಸ್’ ಆಟದ ಮೂಲಕ ‘ಕೊರೊಬೈನಿಕಿ’ ಎಂಬ ಹತ್ತೊಂಬತ್ತನೆಯ ಶತಮಾನದ ರಷ್ಯದ ಹಾಡಿನ ಮಟ್ಟನ್ನು ಲೋಕದ ಮಕ್ಕಳೆಲ್ಲ ಕಲಿತುದು ಈ ಯಂತ್ರದಿಂದಲೇ. ಅದು ನೆಕ್ರಾಸೊವ್ ಕವಿಯ ಪದ್ಯವೊಂದರಿಂದ ಬಂದ ಹಾಡೆಂಬುದನ್ನು ಅವರಲ್ಲಿ ಎಷ್ಟು ಮಂದಿ ಅರಿತಿದ್ದರೋ!

೧೯೮೮ರ ಡಿಸೆಂಬರಿನಲ್ಲಿ ಜಪಾನಿನ ‘ಪಿ.ಸಿ. ಎಂಜಿನ್’ ಯಂತ್ರಕ್ಕೆ ಸಿ.ಡಿ. ಓದುವ ಉಪಕರಣವು ಸೇರಿದಾಗ ಪರಿಸ್ಥಿತಿಯು ತಲೆಕೆಳಗಾಯಿತು. ಆಟದ ತಟ್ಟೆಯಲ್ಲಿಯೇ ಈಗ ನಿಜವಾದ ಧ್ವನಿಮುದ್ರಣಗಳಿರುತ್ತಿದ್ದವು. ೧೯೮೯ರ ‘ಈಸ್ ೧ ಮತ್ತು ೨’ ಎಂಬ ಆಟದ ತಟ್ಟೆಯನ್ನು ಜೇಬಿಗಿಂತ ತುಸು ದೊಡ್ಡದಾದ ಯಾವ ಸಿ.ಡಿ. ಪ್ಲೇಯರಿನಲ್ಲಿಟ್ಟರೂ ಸಂಗೀತವು ಕೇಳಿಬರುವುದು. ಈ ತಟ್ಟೆಗಳ ಆರಂಭದಲ್ಲಿ ಒಂದು ಧ್ವನಿಯು, ಇದು ಆಟದ ತಟ್ಟೆ, ಎರಡನೆಯ ಭಾಗವನ್ನು ನುಡಿಸಬೇಡಿರಿ ಎಂದು ಎಚ್ಚರಿಕೆ ಹೇಳುತ್ತಿತ್ತು. ಅದೇಕೆಂದರೆ ಆ ಭಾಗದಲ್ಲಿರುವುದು ಆಟದ ಅಂಕಿಗಳು, ಅವು ಕರ್ಕಶವಾದ ಸದ್ದಾಗಿ ಹೊರಡುತ್ತವೆ. ಜನರು ಆಟದ ತಟ್ಟೆಯನ್ನು ಸಂಗೀತಕ್ಕಾಗಿ ಹಾಕಿಯೇ ಹಾಕುವರೆಂದು ಮಾಡಿದವರಿಗೆ ತಿಳಿದಿದ್ದಿತು. ಈ ಬಗೆಯ ಸಂಗೀತದ ವಿಷಯದಲ್ಲಿ ಪಾಠದ ತೊಡಕು ಅಷ್ಟಾಗಿ ಇಲ್ಲ, ಮುದ್ರಣವೇ ಮೂಲ.

ತೊಡಕಿರುವುದು ಚಿಪ್ ನುಡಿಸುವ ಹಳೆಯ ಸಂಗೀತದಲ್ಲಿ. ಅದರ ಪ್ರತಿಗಳನ್ನು ಮಾಡಿದವರು ಬಹುಮಟ್ಟಿಗೆ ಸಂಸ್ಥೆಗಳವರಲ್ಲ, ಕೇಳುಗರು. ೧೯೯೦ರ ದಶಕದಲ್ಲಿ ಹಳೆಯ ಯಂತ್ರಗಳ ನಡವಳಿಕೆಯನ್ನು ಗಣಕಯಂತ್ರದಲ್ಲಿ ಅನುಕರಿಸುವ ಎಮ್ಯುಲೇಟರುಗಳು ಹುಟ್ಟಿದ ಮೇಲೆ, ಆಟದಿಂದ ಸಂಗೀತದ ಭಾಗವನ್ನು ಮಾತ್ರ ಕತ್ತರಿಸಿ ತೆಗೆಯಬಹುದೆಂದು ಕೆಲವರು ಕಂಡುಕೊಂಡರು. ಅವರು ತೆಗೆದುದು ಧ್ವನಿಯನ್ನಲ್ಲ, ಆಜ್ಞೆಗಳನ್ನು. ಫ್ಯಾಮಿಕಾಮ್ ಸಂಗೀತಕ್ಕೆ ಕೆವಿನ್ ಹಾರ್ಟನ್ ಎಂಬವರು ‘ಎನ್.ಎಸ್.ಎಫ್.’ ಎಂಬ ಮಾದರಿಯನ್ನು ರೂಪಿಸಿದರು. ಇದರ ತಲೆಯಲ್ಲಿ ೧೨೮ ಬೈಟುಗಳ ಒಂದು ಪೀಠಿಕೆಯಿರುತ್ತದೆ. ಕೃತಿಯ ಹೆಸರಿಗೆ ೩೨, ಕರ್ತೃವಿನ ಹೆಸರಿಗೆ ೩೨, ಹಕ್ಕುದಾರರ ಹೆಸರಿಗೆ ೩೨ ಬೈಟುಗಳು. ಹೆಸರು ತಿಳಿಯದಿದ್ದಲ್ಲಿ ಆ ಜಾಗದಲ್ಲಿ ಕಂಸಗಳ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆಯಬೇಕೆಂಬುದು ನಿಯಮ. ಈ ಚಿಹ್ನೆಯು ಬೇಕಾಗುವ ಪ್ರಸಂಗಗಳು ಕಡಮೆಯೇನಲ್ಲ. ಆ ಕಾಲದ ಆಟಗಳಲ್ಲಿ ಸಂಗೀತ ರಚಿಸಿದವರ ಹೆಸರನ್ನು ಹಾಕದಿರುವುದೂ ಹಾಕಿದರೆ ಅಡ್ಡಹೆಸರನ್ನು ಹಾಕುವುದೂ ಸಾಮಾನ್ಯವಾಗಿದ್ದಿತು. ‘ಬೇರ್ ನಕಲ್’ (೧೯೯೧) ಎಂಬ ಆಟದ ಮೊದಲ ಪರದೆಯ ಮೇಲೆಯೇ ಯೂಜೊ ಕೊಶಿರೊ ಅವರ ಹೆಸರು ಬಂದುದು ಅಪವಾದ. ಇದರ ಜೊತೆಗೆ ಮಟ್ಟುಗಳಿಗೂ ಆಟದೊಳಗೆ ಹೆಸರಿರಲಿಲ್ಲ, ಸಂಖ್ಯೆಗಳು ಮಾತ್ರ. ಇಂದು ಪ್ಲೇಯರಿನ ಪರದೆಯ ಮೇಲೆ ಕಾಣುವ ಶೀರ್ಷಿಕೆಗಳಲ್ಲಿ ಎಷ್ಟೋ ಪಾಲು ಕೇಳುಗರು ಇಟ್ಟವು. ಹರಿದಾಸರ ಕೀರ್ತನೆಗಳ ಸ್ಥಿತಿಗೆ ಇದು ತದ್ವಿರುದ್ಧವಾಗಿದೆ: ಅಲ್ಲಿ ಅಂಕಿತವೂ ರಾಗದ ಹೆಸರೂ ಉಳಿದು, ಮೂಲದ ಮಟ್ಟು ಬಹುಪಾಲು ಕಳೆದುಹೋಗಿದೆ, ಇಲ್ಲಿ ಮಟ್ಟಿನ ಒಂದೊಂದು ಸ್ವರವೂ ಉಳಿದು, ಅಂಕಿತವೇ ಇಲ್ಲವಾಗಿದೆ.

೧೯೯೦ರ ನವೆಂಬರ್ ೨೧ರಂದು ಬಂದ ‘ಸೂಪರ್ ಫ್ಯಾಮಿಕಾಮ್’ ಯಂತ್ರದ ಧ್ವನಿಭಾಗವನ್ನು ಸೋನಿ ಸಂಸ್ಥೆಯಲ್ಲಿದ್ದ ಕೆನ್ ಕುತರಾಗಿ ಅವರು ರಚಿಸಿದ್ದರು. ಅದಕ್ಕೆ ತನ್ನದೇ ಆದ ೬೪ ಕಿಲೋಬೈಟುಗಳ ಮೆಮೊರಿಯೂ ಎಂಟು ಧ್ವನಿಗಳೂ ಉಂಟು. ಈ ಮೆಮೊರಿಯನ್ನು ಒಂದು ಕ್ಷಣದಲ್ಲಿ ಇದ್ದಂತೆಯೇ ಎತ್ತಿಟ್ಟುಕೊಂಡರೆ ಅದೇ ‘ಎಸ್.ಪಿ.ಸಿ.’ ಎಂಬ ಫೈಲು. ಅದರ ಮೂಲ ಅಳತೆ ೬೬,೦೪೮ ಬೈಟುಗಳು. ಇದರ ಪೀಠಿಕೆಯು ಪಾಠಶೋಧಕರಿಗೆ ಬಲು ಸ್ವಾರಸ್ಯವಾಗಿ ತೋರಬೇಕು. ಅದರಲ್ಲಿ ಮಟ್ಟಿನ ಹೆಸರು, ಆಟದ ಹೆಸರು, ಕರ್ತೃವಿನ ಹೆಸರು ಇವಲ್ಲದೆ, ಪ್ರತಿಯನ್ನು ಎತ್ತಿದವನ ಹೆಸರಿಗೂ ಎತ್ತಿದ ದಿನಕ್ಕೂ ಸ್ಥಳವನ್ನು ಬಿಟ್ಟಿದ್ದಾರೆ. ಓಲೆಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಬರೆದು ಮುಗಿಸಿದ ತಿಥಿಯನ್ನೂ ಸೂಚಿಸುವಂತೆಯೇ ಇದು. ಇನ್ನೂ ಮುಖ್ಯವಾದುದೆಂದರೆ, ಎಷ್ಟು ಸೆಕೆಂಡು ನುಡಿಸಿದ ಮೇಲೆ ಸದ್ದನ್ನು ಇಳಿಸಬೇಕು, ಇಳಿಸಲು ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಎಂಬ ಎರಡು ಸಂಖ್ಯೆಗಳಿಗೂ ಅಲ್ಲಿ ಜಾಗವುಂಟು. ಸೆಕೆಂಡುಗಳಿಗೆ ಮೂರೇ ಅಂಕೆ. ಎಂದರೆ ಹೆಚ್ಚೆಂದರೆ ೯೯೯. ಮಟ್ಟಿಗೆ ತಾನಾಗಿ ಕೊನೆಯಿಲ್ಲ. ಈ ಸಂಖ್ಯೆಗಳನ್ನು ತುಂಬಿದವನು ಕೊನೆಯನ್ನು ಕೊಟ್ಟನು. ಆವರ್ತನೆ ಎಲ್ಲಿ ತೊಡಗಿತು, ಎಲ್ಲಿ ಮರಳಿತು ಎಂದು ಕಿವಿಗೊಟ್ಟು ಕೇಳಿ, ಸೆಕೆಂಡುಗಳನ್ನು ಎಣಿಸಿ, ಎರಡು ಸುತ್ತುಗಳಿಗೆ ಇಷ್ಟೆಂದು ಬರೆದವರ ಶ್ರಮವನ್ನು ಸಂಪಾದನಕಾರ್ಯವೆಂದು ಒಪ್ಪದಿರಲು ಕಾರಣವಿಲ್ಲ. ಫ್ಯಾಮಿಕಾಮ್‌ನ ಎನ್.ಎಸ್.ಎಫ್. ಪೀಠಿಕೆಯಲ್ಲಿ ಮೊದಲು ಇಂತಹ ಸ್ಥಳವಿರಲಿಲ್ಲ. ಅನಂತರ ವಿಸ್ತರಿಸಿದ ಮಾದರಿಯಲ್ಲಿ ಅದನ್ನು ಸೇರಿಸಿದರು.

ಪಾಠಾಂತರಕ್ಕೆ ಉತ್ತಮವಾದ ಉದಾಹರಣೆಯು ಕೊನಾಮಿ ಸಂಸ್ಥೆಯ ‘ಅಕುಮಾಜೊ ಡೆನ್ಸೆತ್ಸು’ ಎಂಬ ಆಟದಲ್ಲಿ ದೊರೆಯುತ್ತದೆ. ಇದು ೧೯೮೯ರ ಡಿಸೆಂಬರ್ ೨೨ರಂದು ಜಪಾನಿನಲ್ಲಿಯೂ, ಮರುವರ್ಷ ‘ಕ್ಯಾಸಲ್‌ವೇನಿಯ ೩’ ಎಂಬ ಹೆಸರಿನಿಂದ ಅಮೆರಿಕದಲ್ಲಿಯೂ ಪ್ರಕಟವಾಯಿತು. ಜಪಾನಿನ ಕಾರ್ಟ್ರಿಜ್‌ನೊಳಗೆ ‘ವಿ.ಆರ್.ಸಿ. ೬’ ಎಂಬ ಹೆಚ್ಚಿನ ಚಿಪ್ ಇದ್ದಿತು. ಅದು ಫ್ಯಾಮಿಕಾಮ್‌ನ ಐದು ಧ್ವನಿಗಳಿಗೆ ಇನ್ನು ಮೂರನ್ನು ಕೂಡಿಸುತ್ತಿತ್ತು: ಎರಡು ಚೌಕದ ಅಲೆ, ಒಂದು ಗರಗಸದ ಹಲ್ಲಿನಂತಹ ಅಲೆ. ಈ ಕಡೆಯದು ಕೊಡುವ ತುಂಬುನಾದವೇ ಆ ಸಂಗೀತದ ಜೀವಾಳ. ಫ್ಯಾಮಿಕಾಮ್‌ನಲ್ಲಿ ಕಾರ್ಟ್ರಿಜ್ ತನ್ನ ಧ್ವನಿಯನ್ನು ಯಂತ್ರದ ಧ್ವನಿಯೊಡನೆ ಬೆರೆಸಲು ತಂತಿಯ ದಾರಿಯಿದ್ದಿತು. ಅಮೆರಿಕದಲ್ಲಿ ಮಾರಿದ ಯಂತ್ರದ ಕಾರ್ಟ್ರಿಜ್‌ಗೆ ಆ ದಾರಿಯನ್ನು ಕೊಟ್ಟಿರಲಿಲ್ಲ. ಆದಕಾರಣ ಅಲ್ಲಿಯ ಆಟಕ್ಕಾಗಿ ಎಂಟು ಧ್ವನಿಗಳ ಸಂಗೀತವನ್ನು ಐದಕ್ಕೆ ಇಳಿಸಬೇಕಾಯಿತು. ಒಂದೇ ಕೃತಿಗೆ ಎರಡು ಪಾಠಗಳು, ಎರಡೂ ಪ್ರಾಮಾಣಿಕ. ಎರಡು ಖಂಡಗಳ ಮಕ್ಕಳು ಹತ್ತಾರು ವರ್ಷ ಬೇರೆಬೇರೆ ಸಂಗೀತವನ್ನು ಕೇಳುತ್ತಿದ್ದೂ ಒಂದನ್ನೇ ಕೇಳುತ್ತಿರುವೆವೆಂದು ತಿಳಿದಿದ್ದರು. ಎನ್.ಎಸ್.ಎಫ್. ಪೀಠಿಕೆಯಲ್ಲಿ ಹೆಚ್ಚಿನ ಚಿಪ್ ಇದೆಯೆಂದು ಸೂಚಿಸಲು ಒಂದು ಬೈಟನ್ನು ಮೀಸಲಿಟ್ಟಿದ್ದಾರೆ. ಪ್ಲೇಯರು ಆ ಬೈಟನ್ನು ಓದಿ ನಡೆಯಲಾರದ್ದಾದರೆ ಮೂರು ಧ್ವನಿಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಇದು ಜಪಾನಿನ ಪಾಠವೂ ಅಲ್ಲ, ಅಮೆರಿಕದ ಪಾಠವೂ ಅಲ್ಲ. ಯಾರೂ ರಚಿಸದ ಮೂರನೆಯದೊಂದು ತ್ರುಟಿತಪಾಠ. ಲೋಪವು ಮೌನರೂಪದ್ದಾದುದರಿಂದ ಕೇಳುವವನಿಗೆ ಸಂಶಯವೂ ಹುಟ್ಟುವುದಿಲ್ಲ.

ಈ ಫೈಲುಗಳನ್ನು ಜೇಬಿಗೆ ತರುವ ಕೆಲಸವು ತಡವಾಗಿಯೇ ನಡೆಯಿತು. ೧೯೯೮ರಲ್ಲಿ ಕೊರಿಯದಿಂದ ಬಂದ ‘ಎಂ.ಪಿ.ಮ್ಯಾನ್’ ಎಂಬ ಎಂ.ಪಿ.೩ ಪ್ಲೇಯರಿನಲ್ಲಿ ೩೨ ಮೆಗಾಬೈಟುಗಳ ಮೆಮೊರಿಯಿದ್ದಿತು. ಸೆಕೆಂಡಿಗೆ ೧೨೮ ಕಿಲೋಬಿಟ್ಟುಗಳ ಲೆಕ್ಕದಲ್ಲಿ ಮೂರು ನಿಮಿಷದ ಮಟ್ಟುಗಳು ಅದರಲ್ಲಿ ಹನ್ನೊಂದು ಹಿಡಿಸಬಹುದು. ಅಷ್ಟೇ ಸ್ಥಳದಲ್ಲಿ ಎಸ್.ಪಿ.ಸಿ. ಫೈಲುಗಳಾದರೆ ಐನೂರಕ್ಕೆ ಮೇಲ್ಪಟ್ಟು ಹಿಡಿಸುತ್ತಿದ್ದವು, ಅದರಲ್ಲಿಯೂ ಒಂದೊಂದೂ ಕೊನೆಯಿಲ್ಲದವು. ಆದರೆ ಅವುಗಳನ್ನು ನುಡಿಸುವ ವಿದ್ಯೆಯು ಆ ಪ್ಲೇಯರಿಗೆ ತಿಳಿಯದು. ಜನರು ಎಂ.ಪಿ.೩ ಆಗಿ ಪರಿವರ್ತಿಸಿದ ಪ್ರತಿಗಳಿಂದ ತೃಪ್ತರಾಗಬೇಕಾಯಿತು. ೨೦೦೧ರ ಅಕ್ಟೋಬರ್ ೨೩ರಂದು ಪ್ರಕಟವಾದ, ೫ ಗಿಗಾಬೈಟುಗಳ ‘ಐಪಾಡ್’ ಪ್ಲೇಯರಿನಲ್ಲಿಯೂ ಹಾಗೆಯೇ. ಪರಿವರ್ತನೆಯಲ್ಲಿ ಕೊನೆಯು ಕಲ್ಲಿನಲ್ಲಿ ಕೊರೆದಂತೆ ಸ್ಥಿರವಾಗುತ್ತದೆ. ಸೆಕೆಂಡುಗಳ ಸಂಖ್ಯೆಯನ್ನು ಆಮೇಲೆ ತಿದ್ದುವುದು ಸಾಧ್ಯವಿಲ್ಲ. ಇದಲ್ಲದೆ ಚೌಕದ ಅಲೆಯ ತೀಕ್ಷ್ಣವಾದ ಅಂಚುಗಳು ಎಂ.ಪಿ.೩ ಸಂಕ್ಷೇಪದಲ್ಲಿ ಮೊದ್ದಾಗುವುದುಂಟು.

ಆ ವರ್ಷವೇ ಸ್ವೀಡನ್ ದೇಶದ ಬ್ಯೋರ್ನ್ ಸ್ಟೆನ್‌ಬೆರಿ ಮೊದಲಾದವರು ಆರ್ಕೋಸ್ ಎಂಬ ಪ್ಲೇಯರಿನ ಒಳಗಿನ ಪ್ರೋಗ್ರಾಮನ್ನು ತೆಗೆದುಹಾಕಿ ತಾವು ಬರೆದುದನ್ನು ಅಲ್ಲಿಡುವ ‘ರಾಕ್‌ಬಾಕ್ಸ್’ ಎಂಬ ಕಾರ್ಯವನ್ನು ಆರಂಭಿಸಿದರು. ಅನಂತರ ಇದು ಐಪಾಡ್ ಮೊದಲಾದ ಅನೇಕ ಪ್ಲೇಯರುಗಳಿಗೆ ಹಬ್ಬಿತು. ಫ್ಯಾಮಿಕಾಮ್, ಸೂಪರ್ ಫ್ಯಾಮಿಕಾಮ್, ಕಮೋಡೋರ್ ೬೪ ಯಂತ್ರಗಳ ಸಂಗೀತದ ಫೈಲುಗಳನ್ನು ನೇರವಾಗಿ ನುಡಿಸುವ ಸಾಮರ್ಥ್ಯವು ಅದಕ್ಕೆ ಬಂದಿತು. ಇಲ್ಲಿ ಜೇಬಿನೊಳಗಿನ ಪ್ಲೇಯರು ಮುದ್ರಣವನ್ನು ಹೊರಡಿಸುತ್ತಿಲ್ಲವೆಂಬುದನ್ನು ನೆನಪಿಡಬೇಕು. ಹಳೆಯ ಚಿಪ್ ತಾನೇ ಆಗಿ, ಹಳೆಯ ಆಜ್ಞೆಗಳನ್ನು ಒಂದೊಂದಾಗಿ ಓದಿ, ಸ್ವರವನ್ನು ಹೊಸದಾಗಿ ಹುಟ್ಟಿಸುತ್ತಿದೆ. ಗಾಯನವು ಮತ್ತೆ ನಡೆಯುತ್ತಿದೆಯೆಂದರೆ ಸಲ್ಲುತ್ತದೆ.

ಗಾಯನವು ನಿಷ್ಕೃಷ್ಟವೇ ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಲ್ಲ. ಕುತರಾಗಿ ಅವರ ಚಿಪ್ ತನ್ನಲ್ಲಿರುವ ಧ್ವನಿಯ ತುಣುಕುಗಳನ್ನು ಬೇರೆಬೇರೆ ಸ್ಥಾಯಿಗೆ ಏರಿಸಿ ಇಳಿಸುವಾಗ ನಡುವಣ ಬಿಂದುಗಳನ್ನು ಒಂದು ಲೆಕ್ಕದಿಂದ ತುಂಬುತ್ತದೆ. ಆ ಲೆಕ್ಕದಿಂದ ಮೇಲಿನ ನಾದಗಳು ಸ್ವಲ್ಪ ಮಂಕಾಗುತ್ತವೆ. ಆ ಯಂತ್ರದ ಸಂಗೀತಕ್ಕಿರುವ ಮೃದುತ್ವಕ್ಕೆ ಇದೂ ಒಂದು ಕಾರಣ. ಶಕ್ತಿ ಸಾಲದ ಚಿಕ್ಕ ಪ್ಲೇಯರುಗಳಲ್ಲಿ ಈ ಲೆಕ್ಕವನ್ನು ಕೈಬಿಡಲು ರಾಕ್‌ಬಾಕ್ಸ್ ಬರೆದವರು ಅವಕಾಶವಿಟ್ಟರು. ಬ್ಯಾಟರಿ ಬೇಗನೆ ಮುಗಿಯಬಾರದು, ಸಂಗೀತವು ತಡವರಿಸಬಾರದು ಎಂಬುದು ಅವರ ಕಷ್ಟ. ಇನ್ನೊಂದೆಡೆ ದೊಡ್ಡ ಗಣಕಯಂತ್ರಗಳ ಕೆಲವು ಪ್ಲೇಯರುಗಳು ಮೂಲಕ್ಕಿಂತ ಉತ್ತಮವಾದ ಲೆಕ್ಕವನ್ನು ಬಳಸಿ ನಾದವನ್ನು ‘ತಿದ್ದಿ’ ಕೊಟ್ಟವು. ಮೊದಲನೆಯದು ಬಡತನದಿಂದಾದ ಲೋಪ, ಎರಡನೆಯದು ಪಾಂಡಿತ್ಯದಿಂದಾದ ತಿದ್ದುಪಡಿ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರವೆಂದು ಕಾಣುತ್ತದೆ. ಮೊದಲನೆಯದರಲ್ಲಿ ಏನೋ ಕೊರತೆಯಿದೆಯೆಂದು ಕಿವಿಯು ಸಂದೇಹಿಸಬಹುದು. ತಿದ್ದಿದ ಪಾಠವಾದರೋ ಮೂಲಕ್ಕಿಂತ ಮನೋಹರವಾಗಿರುವುದರಿಂದ ಮೂಲದ ಸ್ಥಾನವನ್ನೇ ಆಕ್ರಮಿಸುತ್ತದೆ. ಛಂದಸ್ಸು ಕೆಟ್ಟಿದೆಯೆಂದು ಹಳೆಯ ಪದ್ಯವನ್ನು ತಿದ್ದಿದ ಲಿಪಿಕಾರರು ಮಾಡಿದ ಹಾನಿಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಸಂಸ್ಥೆಗಳವರೂ ಕೊನೆಗೆ ಈ ಕ್ಷೇತ್ರಕ್ಕೆ ಇಳಿದಿದ್ದಾರೆ. ಐಪಾಡ್‌ಗಳ ಮಾರಾಟವು ೨೦೨೨ರ ಮೇ ತಿಂಗಳಲ್ಲಿ ನಿಂತಿತೆಂದು ಪ್ರಕಟವಾದ ಎರಡು ವರ್ಷಗಳ ಮೇಲೆ, ೨೦೨೪ರ ಅಕ್ಟೋಬರ್ ೩೧ರಂದು ನಿಂಟೆಂಡೊ ಸಂಸ್ಥೆಯು ಮೊಬೈಲ್ ಫೋನುಗಳಿಗಾಗಿ ‘ನಿಂಟೆಂಡೊ ಮ್ಯೂಸಿಕ್’ ಎಂಬ ಆ್ಯಪ್ ಹೊರತಂದಿತು. ಅದರಲ್ಲಿ ಕೆಲವು ಮಟ್ಟುಗಳನ್ನು ೬೦ ನಿಮಿಷಗಳವರೆಗೆ ತಡೆಯಿಲ್ಲದೆ ಬೆಳೆಸಿಕೊಂಡು ಹೋಗುವ ಅನುಕೂಲವಿದೆ. ಎರಡು ಸುತ್ತುಗಳ ಕಟ್ಟಳೆಯು ಕ್ಯಾಸೆಟ್ಟಿನ ಕಾಲದ ಅಗತ್ಯದಿಂದ ಬಂದದ್ದೆಂದೂ, ಮಟ್ಟಿನ ಸಹಜಸ್ಥಿತಿಯು ಅವಿಚ್ಛಿನ್ನತೆಯೆಂದೂ ಹಕ್ಕುದಾರರೇ ಒಪ್ಪಿದಂತಾಯಿತು. ಆದರೆ ಆ್ಯಪ್ ಹೊರಬಂದಾಗ ಅದರಲ್ಲಿ ರಚನಕಾರರ ಹೆಸರುಗಳು ಇರಲಿಲ್ಲ. ಇದನ್ನು ಹಲವರು ಆಕ್ಷೇಪಿಸಿದರು. ಕೇಳುಗರು ಮಾಡಿಕೊಂಡ ಪೀಠಿಕೆಯಲ್ಲಿ ಕರ್ತೃವಿಗೆ ೩೨ ಬೈಟುಗಳ ಜಾಗವಾದರೂ ಇದ್ದಿತು, ತಿಳಿಯದಿದ್ದಲ್ಲಿ ತಿಳಿಯದೆಂಬ ಚಿಹ್ನೆಯಾದರೂ ಇದ್ದಿತು.

ಇಷ್ಟರಿಂದ, ಈ ಸಂಗೀತದ ಮೂಲವೆಂದರೆ ಕಾರ್ಟ್ರಿಜ್‌ನಲ್ಲಿರುವ ಆಜ್ಞಾಲೇಖವೂ ಅದನ್ನು ಓದುವ ಚಿಪ್‌ನ ನಡವಳಿಕೆಯೂ ಕೂಡಿದುದು ಎಂದು ಹೇಳಬೇಕಾಗುತ್ತದೆ. ಮುದ್ರಣಗಳೆಲ್ಲವೂ ಆ ಮೂಲದ ಒಂದೊಂದು ಸಾರಿಯ ಗಾಯನಗಳು. ಕಾದಿಡಬೇಕಾದುದು ಲೇಖವನ್ನು, ಲೇಖದೊಡನೆ ಅದನ್ನು ಓದುವ ಕ್ರಮವನ್ನು. ಎರಡನ್ನೂ ಇಲ್ಲಿಯವರೆಗೆ ಜೋಪಾನಿಸಿದವರು ಜೇಬಿನ ಪ್ಲೇಯರಿನಲ್ಲಿ ಈ ಮಟ್ಟುಗಳನ್ನು ಕೇಳಬಯಸಿದ ಕೇಳುಗರೆಂಬುದು ಮೇಲಿನ ಸಂಗತಿಗಳಿಂದ ಸ್ಪಷ್ಟವಾಗಿದೆ.

ಇದಕ್ಕೆ ಒಂದು ಆಕ್ಷೇಪವುಂಟು. ಅದು ಈಚೆಗೆ ಹುಟ್ಟಿದುದು. ಹಳೆಯ ಚಿಪ್‌ನ ನಡವಳಿಕೆಯೇ ಪ್ರಮಾಣವೆಂದರೆ, ಯಾವ ದಿನದ ನಡವಳಿಕೆ? ಸೂಪರ್ ಫ್ಯಾಮಿಕಾಮ್‌ನ ಧ್ವನಿಭಾಗಕ್ಕೆ ಕಾಲವನ್ನು ಕೊಡುವುದು ಪಿಂಗಾಣಿಯ ಒಂದು ಚಿಕ್ಕ ಉಪಕರಣ. ಗೊತ್ತುಮಾಡಿದ ಪ್ರಕಾರ ಅದು ಸೆಕೆಂಡಿಗೆ ೩೨,೦೦೦ ಧ್ವನಿಬಿಂದುಗಳನ್ನು ಕೊಡತಕ್ಕದ್ದು. ೨೦೨೫ರಲ್ಲಿ ಹಳೆಯ ಯಂತ್ರಗಳನ್ನು ಇಟ್ಟುಕೊಂಡಿರುವವರು ತಮ್ಮ ತಮ್ಮ ಮನೆಗಳಲ್ಲಿ ಅಳೆದು ಕಳುಹಿಸಿದ ಲೆಕ್ಕಗಳನ್ನು ಕೂಡಿಸಿ ನೋಡಿದಾಗ, ಅವು ಸರಾಸರಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ಓಡುತ್ತಿರುವುದು ಕಂಡುಬಂದಿತು. ಯಂತ್ರವು ಬಿಸಿಯಾದಂತೆ ವೇಗವು ಮತ್ತೂ ಕೊಂಚ ಏರುವುದೆಂದೂ ತಿಳಿಯಿತು. ಶ್ರುತಿಯಲ್ಲಿ ಇದರಿಂದಾಗುವ ಭೇದವು ಕಿವಿಗೆ ಗೊತ್ತಾಗುವಷ್ಟಿಲ್ಲ. ಆದರೂ ಮೂಲಯಂತ್ರವೆಂಬುದು ಕದಲದ ಪ್ರಮಾಣವೆಂದು ತಿಳಿದಿದ್ದವರಿಗೆ ಇದು ವಿಚಾರಾರ್ಹ. ಹಳೆಯ ಐಪಾಡ್‌ನಲ್ಲಿರುವ ೬೬,೦೪೮ ಬೈಟುಗಳ ಪ್ರತಿಯು ೩೨,೦೦೦ದ ಲೆಕ್ಕದಲ್ಲಿಯೇ ನುಡಿಯುತ್ತಿರುವಾಗ, ಅದು ಹುಟ್ಟಿದ ಯಂತ್ರವು ಅದಕ್ಕಿಂತ ತುಸು ಮೇಲಿನ ಶ್ರುತಿಯಲ್ಲಿ, ತುಸು ಬೇಗನೆ, ಅದೇ ಮಟ್ಟನ್ನು ನುಡಿಸುತ್ತಿದೆ.